ಸೋಲಿನ ಫಲವನ್ನೂ ಮೊದಲೇ ಮಾರಿಕೊಂಡ ತಂಡ

2023ರ ಸೀಸನ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡ ಕ್ಯಾರೊಲಿನಾ ಪ್ಯಾಂಥರ್ಸ್ 17 ಪಂದ್ಯ ಆಡಿ ಗೆದ್ದದ್ದು ಎರಡೇ. ಹ್ಯೂಸ್ಟನ್ ಟೆಕ್ಸನ್ಸ್ ವಿರುದ್ಧ 15-13, ಅಟ್ಲಾಂಟಾ ಫಾಲ್ಕನ್ಸ್ ವಿರುದ್ಧ 9-7. ಎರಡೂ ಸಲ ಕೊನೆಯ ಕ್ಷಣದಲ್ಲಿ ಎಡ್ಡಿ ಪಿನೇರೊ ಒದ್ದ ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದ್ದು ಪಡೆಯುವ ಪಾಯಿಂಟ್) ಮರ್ಯಾದೆ ಉಳಿಸಿತು. ಕೊನೆಯ ಎರಡು ಪಂದ್ಯಗಳಲ್ಲಂತೂ ಒಂದು ಪಾಯಿಂಟೂ ಬರಲಿಲ್ಲ. ಜ್ಯಾಕ್ಸನ್‌ವಿಲ್‌ನಲ್ಲಿ 26-0, ತವರಿನಲ್ಲಿ 9-0. ಇಡೀ ಸೀಸನ್‌ನಲ್ಲಿ ಗಳಿಸಿದ್ದು 236 ಪಾಯಿಂಟ್. 32 ತಂಡಗಳಲ್ಲಿ ಯಾವುದೂ ಇದಕ್ಕಿಂತ ಕಡಿಮೆ ಗಳಿಸಲಿಲ್ಲ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹೀಗೆ ನೆಲಕಚ್ಚುವುದು ಹೊಸದೇನಲ್ಲ. ಡೆಟ್ರಾಯ್ಟ್ ಲಯನ್ಸ್ 2008ರಲ್ಲಿ ಮತ್ತು ಕ್ಲೀವ್‌ಲ್ಯಾಂಡ್ ಬ್ರೌನ್ಸ್ 2017ರಲ್ಲಿ 16ಕ್ಕೆ 16 ಪಂದ್ಯವನ್ನೂ ಸೋತಿವೆ. ಅವುಗಳ ಮುಂದೆ 2-15 (2 ಗೆಲುವು, 15 ಸೋಲು) ಪರವಾಗಿಲ್ಲ ಅನ್ನಿಸಬಹುದು. ಆದರೆ ನನ್ನ ಮಟ್ಟಿಗೆ ಪ್ಯಾಂಥರ್ಸ್ ಸೋಲು ಅವೆರಡಕ್ಕಿಂತ ಕೆಟ್ಟದ್ದು. ಅದು ಯಾಕೆ ಅಂತ ತಿಳಿಯಲು ಆಟಕ್ಕಿಂತ ಮೊದಲು ಈ ಲೀಗ್ ನಡೆಯುವ ರೀತಿಯನ್ನು ಸ್ವಲ್ಪ ನೋಡಬೇಕು.

ಎನ್ಎಫ್ಎಲ್ ಎಂಬ ಈ ಲೀಗ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದವರು ಕೆಳಗಿನ ದರ್ಜೆಗೆ ಇಳಿಯುವುದಿಲ್ಲ. ಇಂಗ್ಲೆಂಡ್‌ನ ಫುಟ್‌ಬಾಲ್‌ನಲ್ಲಿರುವ ಆ ಭಯ ಇಲ್ಲಿಲ್ಲ. ಬದಲಿಗೆ ಸೋತವರಿಗೆ ಒಂದು ಸಮಾಧಾನದ ಬಹುಮಾನ ಇದೆ. ಅದೇ ಡ್ರಾಫ್ಟ್. ಕಾಲೇಜಿನಲ್ಲಿ ಆಡಿ ಬರುವ ಹೊಸ ಹುಡುಗರನ್ನು ವರ್ಷಕ್ಕೊಮ್ಮೆ ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ಸೀಸನ್‌ನಲ್ಲಿ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಸೂಪರ್ ಬೌಲ್ ಎಂಬ ಫೈನಲ್ ಗೆದ್ದವರಿಗೆ ಕೊನೆಯದು. 1936ರಿಂದ ಈ ಪದ್ಧತಿ ಇದೆ. ನಮ್ಮ ಐಪಿಎಲ್ ಹರಾಜಿನಲ್ಲಿ ಎಲ್ಲರ ಪರ್ಸಿಗೂ ಒಂದೇ ಮಿತಿ, ದುಡ್ಡಿದ್ದವರು ಕೈ ಎತ್ತಬಹುದು. ಇಲ್ಲಿ ಹಾಗಿಲ್ಲ. ಸರದಿ ಬರುವ ತನಕ ಕಾಯಲೇಬೇಕು. ಆದರೆ ಒಂದು ಕಿಂಡಿ ಇದೆ: ಆ ಸರದಿಯನ್ನೇ ಮಾರಬಹುದು. ಈ ವರ್ಷದ್ದಷ್ಟೇ ಅಲ್ಲ, ಮುಂದಿನ ವರ್ಷಗಳದ್ದನ್ನೂ.

ಪ್ಯಾಂಥರ್ಸ್‌ಗೆ ಈ ವ್ಯವಸ್ಥೆ ಹಿಂದೆ ಎರಡು ಸಲ ಕೈಹಿಡಿದಿತ್ತು. 1995ರಲ್ಲಿ ಆಟ ಶುರು ಮಾಡಿದ ಈ ತಂಡ 2001ರಲ್ಲಿ 1-15ಕ್ಕೆ ಕುಸಿಯಿತು. ಮುಂದಿನ ಡ್ರಾಫ್ಟ್‌ನಲ್ಲಿ ಎರಡನೇ ಸರದಿಯಲ್ಲಿ (ಮೊದಲನೆಯದು ಹೊಸದಾಗಿ ಲೀಗ್ ಸೇರಿದ ಹ್ಯೂಸ್ಟನ್‌ಗೆ ಹೋಗಿತ್ತು) ಜೂಲಿಯಸ್ ಪೆಪ್ಪರ್ಸ್ ಸಿಕ್ಕರು. ಅವರು ಮುಂದೆ ಆಟದ ದಿಗ್ಗಜರ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ ಆಟಗಾರ. 2003ರ ಸೀಸನ್‌ನಲ್ಲೇ ತಂಡ ಸೂಪರ್ ಬೌಲ್ ಆಡಿತು. 2010ರಲ್ಲಿ ಮತ್ತೆ 2-14. ಈ ಸಲ ಮೊದಲ ಸರದಿಯೇ ಸಿಕ್ಕಿತು, ಕ್ಯಾಮ್ ನ್ಯೂಟನ್ ಬಂದರು. 2015ರಲ್ಲಿ ಅವರ ನಾಯಕತ್ವದಲ್ಲಿ 15-1, ನ್ಯೂಟನ್‌ಗೆ ಸೀಸನ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಎಂವಿಪಿ ಪ್ರಶಸ್ತಿ, ಮತ್ತೊಂದು ಸೂಪರ್ ಬೌಲ್. ಎರಡೂ ಫೈನಲ್ ಸೋತರು, ಅದು ಬೇರೆ ಮಾತು.

2023ರ 2-15ಕ್ಕೂ ನಿಯಮದ ಪ್ರಕಾರ ಮೊದಲ ಸರದಿಯೇ ಬಂತು. ಆದರೆ ಅಷ್ಟೊತ್ತಿಗೆ ಅದು ಪ್ಯಾಂಥರ್ಸ್ ಕೈಯಲ್ಲಿ ಇರಲಿಲ್ಲ. ಹತ್ತು ತಿಂಗಳ ಮೊದಲೇ ಶಿಕಾಗೊ ಬೇರ್ಸ್‌ಗೆ ಮಾರಿ ಆಗಿತ್ತು.

ಆ ವ್ಯವಹಾರ ಹುಟ್ಟಿದ್ದು ಹೇಗೆ ಅನ್ನುವುದು ಸೋಲಿಗಿಂತ ರೋಚಕ. 2018ರಲ್ಲಿ ಹೆಜ್ ಫಂಡ್ (ಶ್ರೀಮಂತರ ದುಡ್ಡು ಹೂಡುವ ಕಂಪನಿ) ಧಣಿ ಡೇವಿಡ್ ಟೆಪ್ಪರ್ ತಂಡವನ್ನು ಸುಮಾರು 227 ಕೋಟಿ ಡಾಲರ್‌ಗೆ ಕೊಂಡರು. ಮರುವರ್ಷವೇ ಹಳೆಯ ಕೋಚ್ ರಾನ್ ರಿವೆರಾ ಅವರನ್ನು ಕಳಿಸಿದರು. 2020ರಲ್ಲಿ ಕಾಲೇಜು ಫುಟ್‌ಬಾಲ್‌ನಲ್ಲಿ ಹೆಸರು ಮಾಡಿದ್ದ ಮ್ಯಾಟ್ ರೂಲ್ ಅವರಿಗೆ ಏಳು ವರ್ಷದ ಭಾರಿ ಒಪ್ಪಂದ ಕೊಟ್ಟರು. ನ್ಯೂಟನ್‌ರನ್ನು ಬಿಟ್ಟುಕೊಟ್ಟರು. ಆಮೇಲೆ ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ವರ್ಷಕ್ಕೊಂದು ಮುಖ: ಟೆಡ್ಡಿ ಬ್ರಿಜ್‌ವಾಟರ್, ಸ್ಯಾಮ್ ಡಾರ್ನಾಲ್ಡ್, ಬೇಕರ್ ಮೇಫೀಲ್ಡ್. ಪ್ರತಿ ಸಲವೂ ಬೇರೆ ತಂಡಕ್ಕೆ ಬೇಡವಾದವರು, ಪ್ರತಿ ಸಲವೂ ಅವಸರ.

ಈ ಆಟ ನೋಡದವರಿಗೆ ಒಂದು ಮಾತು. ಹನ್ನೊಂದು ಜನರಲ್ಲಿ, ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್ ಬಿಟ್ಟರೆ, ಕ್ವಾರ್ಟರ್‌ಬ್ಯಾಕ್ ಒಬ್ಬರೇ ಹೆಚ್ಚುಕಮ್ಮಿ ಪ್ರತಿ ದಾಳಿಯಲ್ಲೂ ಚೆಂಡು ಮುಟ್ಟುವವರು. ಯಾರಿಗೆ ಎಸೆಯಬೇಕು, ಯಾವಾಗ ಎಸೆಯಬೇಕು ಎಂಬುದನ್ನು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಿದ್ದರೆ ಅದು ಸ್ಯಾಕ್. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇಲ್ಲದೆ ಇಲ್ಲಿ ಹೆಚ್ಚು ದಿನ ಬಾಳುವುದು ಕಷ್ಟ. ದುಡ್ಡಿನ ಲೆಕ್ಕವೂ ಇದೆ. 2011ರಿಂದ ಹೊಸಬರ ಸಂಬಳಕ್ಕೆ ಕಟ್ಟುನಿಟ್ಟಿನ ಮಿತಿ ಬಂತು. 2010ರಲ್ಲಿ ಮೊದಲ ಸರದಿಯ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಸಿಕ್ಕಿದ್ದರೆ, ಮರುವರ್ಷ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಬರೀ 2.2 ಕೋಟಿ. 2023ರಲ್ಲಿ ಅನುಭವಿ ಕ್ವಾರ್ಟರ್‌ಬ್ಯಾಕ್ ಜೋ ಬರೋ ವರ್ಷಕ್ಕೆ 5.5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡರು. ಅದೇ ವರ್ಷ ಮೊದಲ ಸರದಿಯಲ್ಲಿ ಬಂದ ಹುಡುಗನಿಗೆ ನಾಲ್ಕು ವರ್ಷಕ್ಕೆ ಒಟ್ಟು 3.8 ಕೋಟಿಯ ಆಸುಪಾಸು. ಪ್ರತಿ ತಂಡದ ಸಂಬಳದ ಮೊತ್ತಕ್ಕೂ ಮಿತಿ ಇರುವಾಗ ಕಡಿಮೆ ಸಂಬಳದ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಅಂದರೆ ಲಾಟರಿ. ಅದಕ್ಕೇ ಆ ಸರದಿಗೆ ಅಷ್ಟು ಬೆಲೆ.

2022ರ ಅಕ್ಟೋಬರ್‌ನಲ್ಲಿ ಐದು ಪಂದ್ಯಕ್ಕೇ ರೂಲ್ ಕೆಲಸ ಹೋಯಿತು. ಅವರ ಲೆಕ್ಕ 11 ಗೆಲುವು, 27 ಸೋಲು. ಕೆಲವೇ ದಿನಗಳಲ್ಲಿ ತಂಡದ ಅತ್ಯುತ್ತಮ ಆಟಗಾರ ಕ್ರಿಶ್ಚಿಯನ್ ಮೆಕ್ಯಾಫ್ರಿ ಅವರನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಕೊಟ್ಟು, ಬದಲಿಗೆ ಡ್ರಾಫ್ಟ್ ಸರದಿಗಳನ್ನು ಪಡೆದರು. ಅಲ್ಲಿಗೆ ದಾರಿ ಸ್ಪಷ್ಟ ಅಂತ ಎಲ್ಲರೂ ಅಂದುಕೊಂಡರು: ಈ ವರ್ಷ ಸುಮ್ನೆ ಸೋತು, ಒಳ್ಳೆ ಸರದಿ ಹಿಡಿದು, ಹೊಸದಾಗಿ ಕಟ್ಟುವುದು. ಆದರೆ ಹಂಗಾಮಿ ಕೋಚ್ ಸ್ಟೀವ್ ವಿಲ್ಕ್ಸ್ ಮತ್ತು ಹುಡುಗರಿಗೆ ಆ ಯೋಜನೆ ಹಿಡಿಸಲಿಲ್ಲ. ಚೆಂಡು ಹಿಡಿದು ಓಡುವ ಹಳೆಯ ಶೈಲಿಯ ಆಟ ಆಡಿದರು. ಕ್ರಿಸ್‌ಮಸ್ ಹಿಂದಿನ ದಿನ ಡೆಟ್ರಾಯ್ಟ್ ವಿರುದ್ಧ ಬರೀ ಓಟದಿಂದಲೇ 320 ಯಾರ್ಡ್ ಗಳಿಸಿದರು. ವಿಲ್ಕ್ಸ್ ಕೈಕೆಳಗೆ 12 ಪಂದ್ಯಗಳಲ್ಲಿ 6 ಗೆದ್ದರು. ಡಿವಿಷನ್ (ಲೀಗ್‌ನೊಳಗಿನ ನಾಲ್ಕು ತಂಡಗಳ ಗುಂಪು) ಗೆಲ್ಲುವ ಆಸೆ ಡಿಸೆಂಬರ್ ಕೊನೆಯ ತನಕ ಜೀವಂತ ಇತ್ತು.

ಅದರ ಫಲ ಏನು ಗೊತ್ತಾ? ಡ್ರಾಫ್ಟ್‌ನಲ್ಲಿ ಒಂಬತ್ತನೇ ಸರದಿ. ಕ್ವಾರ್ಟರ್‌ಬ್ಯಾಕ್ ಬೇಕಾದವರಿಗೆ ಅದು ತೀರಾ ಹಿಂದೆ. ವಿಲ್ಕ್ಸ್‌ಗೆ ಕಾಯಂ ಹುದ್ದೆಯೂ ಸಿಗಲಿಲ್ಲ. ಅವರ ಜಾಗಕ್ಕೆ ಇಂಡಿಯಾನಾಪೊಲಿಸ್‌ನಿಂದ ಎರಡೂವರೆ ತಿಂಗಳ ಹಿಂದಷ್ಟೇ ಹೊರಬಿದ್ದಿದ್ದ ಫ್ರ್ಯಾಂಕ್ ರೈಕ್ ಬಂದರು.

ಇನ್ನೊಂದು ಕಡೆ, 2023ರ ಜನವರಿ 8ರಂದು ಹ್ಯೂಸ್ಟನ್ ಟೆಕ್ಸನ್ಸ್ ಸೀಸನ್‌ನ ಕೊನೆಯ ಪಂದ್ಯದಲ್ಲಿ ಇಂಡಿಯಾನಾಪೊಲಿಸ್ ಕೊಲ್ಟ್ಸ್ ತಂಡವನ್ನು 32-31ರಲ್ಲಿ ಸೋಲಿಸಿತು. ಸೋತಿದ್ದರೆ ಮೊದಲ ಸರದಿ ಅವರದ್ದೇ. ಗೆದ್ದು ಅದನ್ನು ಶಿಕಾಗೊಗೆ ಬಿಟ್ಟುಕೊಟ್ಟರು. ಗೆಲ್ಲಿಸಿದ ಕೋಚ್ ಲವಿ ಸ್ಮಿತ್ ಅವರನ್ನು ಆ ರಾತ್ರಿಯೇ ಮನೆಗೆ ಕಳಿಸಿದರು. ಅವರು ಹಿಂದೆ ಶಿಕಾಗೊ ಕೋಚ್ ಆಗಿದ್ದವರು! ಶಿಕಾಗೊಗೆ ಆಗಲೇ ಜಸ್ಟಿನ್ ಫೀಲ್ಡ್ಸ್ ಎಂಬ ಕ್ವಾರ್ಟರ್‌ಬ್ಯಾಕ್ ಇದ್ದರು. ಹಾಗಾಗಿ ಮೊದಲ ಸರದಿ ಮಾರಾಟಕ್ಕೆ ಬಂತು.

ಮಾರ್ಚ್‌ನಲ್ಲಿ ಪ್ಯಾಂಥರ್ಸ್ ಕೊಟ್ಟ ಬೆಲೆ ಹೀಗಿತ್ತು. ಆ ವರ್ಷದ 9ನೇ ಮತ್ತು 61ನೇ ಸರದಿ, 2024ರ ಮೊದಲ ಸುತ್ತಿನ (ಎಲ್ಲ ತಂಡಗಳಿಗೂ ಒಮ್ಮೆ ಸರದಿ ಬಂದರೆ ಒಂದು ಸುತ್ತು) ಸರದಿ, 2025ರ ಎರಡನೇ ಸುತ್ತಿನ ಸರದಿ. ಅದರ ಮೇಲೆ ತಂಡದ ಅತ್ಯುತ್ತಮ ರಿಸೀವರ್ ಡಿ.ಜೆ. ಮೂರ್. ಆ 61ನೇ ಸರದಿ ಮೆಕ್ಯಾಫ್ರಿಯನ್ನು ಕೊಟ್ಟು ಪಡೆದದ್ದು. ಅಂದರೆ ಮೆಕ್ಯಾಫ್ರಿ ಮಾರಿದ ದುಡ್ಡೂ ಇದೇ ಹೊಂಡಕ್ಕೆ ಹೋಯಿತು.

ಸರದಿಗಳ ಲೆಕ್ಕವನ್ನು ಪತ್ರಿಕೆಗಳು ಸಾಕಷ್ಟು ಚರ್ಚಿಸಿವೆ. ನನಗೆ ಹೆಚ್ಚು ವಿಚಿತ್ರ ಅನ್ನಿಸುವುದು ಮೂರ್ ವಿಷಯ. ಹೊಸ ಹುಡುಗ ಎಸೆದ ಚೆಂಡನ್ನು ಹಿಡಿಯಬೇಕಾದವನನ್ನೇ ಕೊಟ್ಟು ಹುಡುಗನನ್ನು ತಂದರು. ಎತ್ತು ಮಾರಿ ಗಾಡಿ ಕೊಂಡಂಗಾಯ್ತು. ಬದಲಿಗೆ ಬಂದವರಲ್ಲಿ ಭರವಸೆಯ ಕೈ ಒಂದೇ: 33 ವರ್ಷದ ಆಡಮ್ ಥೀಲನ್. ಪಾಪ, ಅವರು ಆ ಸೀಸನ್‌ನಲ್ಲಿ 103 ಸಲ ಚೆಂಡು ಹಿಡಿದರು. ಬೇರೆ ಯಾರೂ ಹತ್ತಿರಕ್ಕೂ ಬರಲಿಲ್ಲ.

ಇನ್ನು ಯಾರನ್ನು ಆರಿಸುವುದು ಎಂಬ ಪ್ರಶ್ನೆ. ಅಲಬಾಮಾದ ಬ್ರೈಸ್ ಯಂಗ್ ಮತ್ತು ಓಹಾಯೊ ಸ್ಟೇಟ್‌ನ ಸಿ.ಜೆ. ಸ್ಟ್ರೌಡ್ ಮುಂದಿದ್ದ ಹೆಸರುಗಳು. ಯಂಗ್ ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನು 2021ರಲ್ಲಿ ಗೆದ್ದವರು, ತಲೆ ಚುರುಕು, ಆದರೆ ಎತ್ತರ 5 ಅಡಿ 10 ಇಂಚು. ಆರೂವರೆ ಅಡಿ ಆಳುಗಳ ಹಿಂದೆ ನಿಂತು ಎಸೆಯುವ ಕೆಲಸಕ್ಕೆ ಅದು ಕಡಿಮೆಯೇ. ಸ್ಟ್ರೌಡ್ ಎತ್ತರದವರು, ಎಸೆತ ಕರಾರುವಾಕ್ಕು. ಪ್ಯಾಂಥರ್ಸ್ ಯಂಗ್‌ರನ್ನು ಆರಿಸಿತು. ಮರುಗಳಿಗೆಯಲ್ಲೇ ಟೆಕ್ಸನ್ಸ್ ಸ್ಟ್ರೌಡ್‌ರನ್ನು ಕರೆದುಕೊಂಡಿತು. ಸ್ಟ್ರೌಡ್ ಮೊದಲ ಸೀಸನ್‌ನಲ್ಲೇ ಎಸೆತದಿಂದ 4,108 ಯಾರ್ಡ್, 23 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು), ಬರೀ 5 ಇಂಟರ್‌ಸೆಪ್ಷನ್ (ಎಸೆದ ಚೆಂಡು ಎದುರಾಳಿ ಕೈಸೇರುವುದು). ತಂಡ ಪ್ಲೇಆಫ್‌ಗೆ, ಅಂದರೆ ನಾಕೌಟ್ ಹಂತಕ್ಕೆ, ಹೋಗಿ ಒಂದು ಪಂದ್ಯ ಗೆದ್ದಿತು. ಯಂಗ್ 16 ಪಂದ್ಯಗಳಲ್ಲಿ 11 ಟಚ್‌ಡೌನ್, 10 ಇಂಟರ್‌ಸೆಪ್ಷನ್. ಸ್ಯಾಕ್ ಆದದ್ದು 62 ಸಲ.

ಯಂಗ್ ಆಯ್ಕೆಗೆ ಟೆಪ್ಪರ್ ಒತ್ತಡವೇ ಕಾರಣ ಎಂಬ ಮಾತು ಆಗ ಜೋರಾಗಿತ್ತು. ಅವರು ಅದನ್ನು ಅಲ್ಲಗಳೆದರು. ಯಾರ ಮಾತು ನಡೆಯಿತೋ ಏನೋ, ಎಲ್ಲ ತಪ್ಪನ್ನೂ ಈ ಒಂದು ಆಯ್ಕೆಯ ತಲೆಗೆ ಕಟ್ಟುವುದು ನನಗೆ ಒಪ್ಪಿಗೆ ಇಲ್ಲ. ಸ್ಟ್ರೌಡ್ ಪ್ಯಾಂಥರ್ಸ್ ತವರಾದ ಷಾರ್ಲೆಟ್‌ಗೆ ಬಂದಿದ್ದರೂ ಅವರ ಮುಂದೆ ನಿಲ್ಲುತ್ತಿದ್ದದ್ದು ಅದೇ ಸೋರುವ ಕಾವಲು ಸಾಲು. ಆ ಸಾಲಿನ ಗಾರ್ಡ್ ಜಾಗದ ಇಬ್ಬರೂ ಆಟಗಾರರು ಗಾಯಗೊಂಡು, ಇಡೀ ವರ್ಷ ಅಲ್ಲಿ ಬೇರೆ ಬೇರೆಯವರನ್ನು ಆಡಿಸಬೇಕಾಯಿತು. 62 ಸ್ಯಾಕ್ ಎಸೆಯುವವನ ತಪ್ಪೊಂದರಿಂದಲೇ ಆಗುವುದಿಲ್ಲ ಅಲ್ವಾ?

ಕೋಚಿಂಗ್ ಗೊಂದಲ ಬೇರೆ. ಪ್ರತಿ ದಾಳಿಗೂ ಯಾವ ಆಟ ಆಡಬೇಕೆಂದು ಹೇಳುವ ಕೆಲಸ ರೈಕ್ ಅವರದ್ದಾಗಿತ್ತು. ಮೊದಲ ಆರೂ ಪಂದ್ಯ ಸೋತ ಮೇಲೆ ಅದನ್ನು ಸಹಾಯಕ ಥಾಮಸ್ ಬ್ರೌನ್‌ಗೆ ಕೊಟ್ಟರು. ಮೂರು ಪಂದ್ಯ ಆದ ಮೇಲೆ ವಾಪಸ್ ಕಸಿದುಕೊಂಡರು. ನವೆಂಬರ್ 27ರಂದು, 1-10 ಇದ್ದಾಗ, ರೈಕ್ ಅವರನ್ನೇ ತೆಗೆದುಹಾಕಿದರು. ಸತತ ಎರಡು ವರ್ಷ ಸೀಸನ್ ಮಧ್ಯದಲ್ಲೇ ಕೆಲಸ ಕಳೆದುಕೊಂಡ ಕೋಚ್ ಎಂಬ ದಾಖಲೆ ಅವರ ಪಾಲಾಯಿತು. 22 ವರ್ಷದ ಹುಡುಗನೊಬ್ಬ ತನ್ನ ಮೊದಲ ಸೀಸನ್‌ನಲ್ಲೇ ಇಷ್ಟೆಲ್ಲ ದನಿಗಳಿಗೆ ಕಿವಿಗೊಡಬೇಕಾಯಿತು. ಇದರ ನಡುವೆ ಎದುರಾಳಿಯ ದಾಳಿ ತಡೆಯುವ ರಕ್ಷಣೆಯ ತಂಡ ಮಾತ್ರ ತನ್ನ ಕೆಲಸ ಮಾಡುತ್ತಲೇ ಇತ್ತು. ಬಿಟ್ಟುಕೊಟ್ಟ ಯಾರ್ಡ್ ಲೆಕ್ಕದಲ್ಲಿ ಲೀಗ್‌ನ ಮೊದಲ ಐದು ತಂಡಗಳಲ್ಲಿ ಪ್ಯಾಂಥರ್ಸ್ ಕೂಡ ಒಂದು. ಯಾರೂ ಅದನ್ನು ನೆನಪಿಟ್ಟುಕೊಳ್ಳಲಿಲ್ಲ.

ನನ್ನ ಪ್ರಕಾರ ಇಡೀ ಸೀಸನ್‌ನ ಸಾರ ನವೆಂಬರ್ 9ರ ಗುರುವಾರ ರಾತ್ರಿಯ ಪಂದ್ಯದಲ್ಲಿತ್ತು. ಎದುರಾಳಿ ಶಿಕಾಗೊ. ಮುಂದಿನ ವರ್ಷದ ಸರದಿ ಅವರ ಕೈಯಲ್ಲಿತ್ತಲ್ಲ, ಪ್ಯಾಂಥರ್ಸ್ ಎಷ್ಟು ಸೋತರೆ ಅವರಿಗೆ ಅಷ್ಟು ಲಾಭ. ಶಿಕಾಗೊ 16-13ರಲ್ಲಿ ಗೆದ್ದಿತು. ಒಂದೇ ಏಟಿಗೆ ಎರಡು ಲಾಭ: ಗೆಲುವೂ ತಮ್ಮದು, ಸೋಲಿನ ಫಲವೂ ತಮ್ಮದು. ಆ ರಾತ್ರಿ ಶಿಕಾಗೊ ಪರ ಟಚ್‌ಡೌನ್ ಮಾಡಿದವರು ಡಾಂಟಾ ಫೋರ್ಮನ್. ಹಿಂದಿನ ವರ್ಷ ವಿಲ್ಕ್ಸ್ ತಂಡದ ಓಟಕ್ಕೆ ಬೆನ್ನೆಲುಬಾಗಿದ್ದ ಅದೇ ಫೋರ್ಮನ್. ಪ್ಯಾಂಥರ್ಸ್ ಅವರನ್ನು ಉಳಿಸಿಕೊಂಡಿರಲಿಲ್ಲ. ಸೀಸನ್‌ನ ಕೊನೆಯ 9-0 ಸೋಲಲ್ಲೂ ಇಂಥದ್ದೇ ಕುಟುಕು ಇದೆ. ಎದುರು ಟ್ಯಾಂಪಾ ಬೇಯ ಕ್ವಾರ್ಟರ್‌ಬ್ಯಾಕ್ ಆಗಿ ನಿಂತಿದ್ದವರು ಮೇಫೀಲ್ಡ್. ಅಂದು ಗೆದ್ದು ಟ್ಯಾಂಪಾ ಡಿವಿಷನ್ ಕಿರೀಟ ಹೊತ್ತಿತು. ಡಾರ್ನಾಲ್ಡ್ ಕೂಡ ಮುಂದೆ ಸಿಯಾಟಲ್ ಸೇರಿ ಸೂಪರ್ ಬೌಲ್ ಗೆದ್ದರು. ಷಾರ್ಲೆಟ್‌ನಲ್ಲಿ ಕೈಲಾಗದವರು ಅನ್ನಿಸಿಕೊಂಡವರು ಬೇರೆ ಊರಲ್ಲಿ ಚೆನ್ನಾಗಿಯೇ ಬಾಳಿದರು ಅಂದಮೇಲೆ ದೋಷ ಆಟಗಾರರಲ್ಲಿ ಎಷ್ಟಿತ್ತು, ಮನೆಯಲ್ಲಿ ಎಷ್ಟಿತ್ತು?

ಮನೆಯ ಯಜಮಾನರ ಕಥೆ ಇನ್ನೂ ಇದೆ. ಡಿಸೆಂಬರ್ 31ರಂದು ಜ್ಯಾಕ್ಸನ್‌ವಿಲ್‌ನಲ್ಲಿ 26-0ರಲ್ಲಿ ಸೋಲುತ್ತಿದ್ದಾಗ ಟೆಪ್ಪರ್ ತಮ್ಮ ಬಾಕ್ಸ್‌ನಿಂದ ಕೆಳಗಿದ್ದ ಎದುರಾಳಿ ಅಭಿಮಾನಿಗಳ ಮೇಲೆ ಗ್ಲಾಸಿನ ಪಾನೀಯ ಎರಚಿದರು. ಲೀಗ್ 3 ಲಕ್ಷ ಡಾಲರ್ ದಂಡ ಹಾಕಿತು. ಸಾವಿರಾರು ಕೋಟಿ ಡಾಲರ್ ಒಡೆಯರಿಗೆ ಅದು ಚಿಲ್ಲರೆ ಕಾಸು.

ಸೀಸನ್ ಹಾಳಾದದ್ದರಿಂದ ಅವರ ಜೇಬಿಗೆ ಎಷ್ಟು ಪೆಟ್ಟು ಬಿತ್ತು ಎಂದು ಕೇಳಿದರೆ, ಹೆಚ್ಚೇನೂ ಇಲ್ಲ. ಲೀಗ್‌ನ ಟಿವಿ ಹಕ್ಕುಗಳ ಒಪ್ಪಂದ 11 ವರ್ಷಕ್ಕೆ 11,000 ಕೋಟಿ ಡಾಲರ್ ಮೀರಿದ್ದು. ಆ ದುಡ್ಡು 32 ತಂಡಗಳಿಗೂ ಸಮ ಪಾಲು. ಗ್ರೀನ್ ಬೇ ಪ್ಯಾಕರ್ಸ್ ಎಂಬ ತಂಡಕ್ಕೆ ಸಾರ್ವಜನಿಕರೇ ಷೇರುದಾರರು, ಹಾಗಾಗಿ ಅದು ತನ್ನ ಲೆಕ್ಕ ಬಹಿರಂಗ ಮಾಡುತ್ತದೆ. ಅದರಿಂದ ಗೊತ್ತಾಗುವುದು ಇಷ್ಟು: 2023ರ ಸೀಸನ್‌ಗೆ ಲೀಗ್‌ನ ಸಾಮೂಹಿಕ ಆದಾಯದಲ್ಲಿ ಪ್ರತಿ ತಂಡದ ಪಾಲು 40 ಕೋಟಿ ಡಾಲರ್ ದಾಟಿತ್ತು. ಆಟಗಾರರ ಸಂಬಳದ ಮಿತಿ ಆ ವರ್ಷ 22.48 ಕೋಟಿ. ಗೆದ್ದರೂ ಸೋತರೂ, ಕ್ರೀಡಾಂಗಣದ ಬಾಗಿಲು ತೆಗೆಯುವ ಮೊದಲೇ ಯಜಮಾನರು ಲಾಭದಲ್ಲಿ.

ಇಷ್ಟಾದರೂ 2024ರ ಜೂನ್‌ನಲ್ಲಿ, ಅಂದರೆ ಆ 9-0 ಸೋಲಾಗಿ ಆರು ತಿಂಗಳೂ ಕಳೆಯುವ ಮೊದಲೇ, ಷಾರ್ಲೆಟ್ ನಗರಸಭೆ ಕ್ರೀಡಾಂಗಣದ ನವೀಕರಣಕ್ಕೆ 65 ಕೋಟಿ ಡಾಲರ್ ಸಾರ್ವಜನಿಕ ಹಣ ಕೊಡಲು ಒಪ್ಪಿತು. ಅದು ಹೋಟೆಲ್, ಊಟ, ಪ್ರವಾಸದ ಮೇಲಿನ ತೆರಿಗೆಯಿಂದ ಬರುವ ದುಡ್ಡು. ತಂಡ ಊರು ಬಿಟ್ಟು ಹೋಗಿಬಿಟ್ಟರೆ ಎಂಬ ಅಂಜಿಕೆ ಅಮೆರಿಕದ ಎಷ್ಟೋ ನಗರಗಳಲ್ಲಿ ಇಂಥ ಮತ ಹಾಕಿಸಿದೆ. ಷಾರ್ಲೆಟ್ ಬ್ಯಾಂಕುಗಳ ಊರು. ಅಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನಮ್ಮವರೂ ಇದ್ದಾರೆ. ಫುಟ್‌ಬಾಲ್ ನೋಡದಿದ್ದರೂ ಹೋಟೆಲಿನಲ್ಲಿ ಊಟ ಮಾಡಿದಾಗಲೆಲ್ಲ ಪ್ಯಾಂಥರ್ಸ್‌ಗೆ ಅವರದ್ದೂ ಒಂದಿಷ್ಟು ಕಾಣಿಕೆ ಸಲ್ಲುತ್ತದೆ.

ಸೋಲಿಗೆ ಬೆಲೆ ತೆತ್ತವರು ಯಾರು ಅಂದರೆ ಕೋಚ್‌ಗಳು, ಜನರಲ್ ಮ್ಯಾನೇಜರ್ ಸ್ಕಾಟ್ ಫಿಟರರ್ ಮತ್ತು ಮಳೆಯಲ್ಲಿ ನೆನೆದುಕೊಂಡು ಫಾಲ್ಕನ್ಸ್ ಪಂದ್ಯ ನೋಡಿದ ಜನ. ಹಂಗಾಮಿಗಳನ್ನೂ ಸೇರಿಸಿದರೆ 2018ರಿಂದ 2024ರವರೆಗೆ ಟೆಪ್ಪರ್ ಕೈಕೆಳಗೆ ಏಳು ಮುಖ್ಯ ಕೋಚ್‌ಗಳು ಆದರು. ಈ ವ್ಯವಸ್ಥೆಯ ಲೋಪ ಇಲ್ಲೇ ಇದೆ ಅನ್ನಿಸುತ್ತದೆ. ಡ್ರಾಫ್ಟ್ ಸೋತ ತಂಡವನ್ನು ಮೇಲೆತ್ತಲು ಇದೆ, ಸರಿ. ಆದರೆ ಅದು ಕೆಲಸ ಮಾಡಬೇಕಾದರೆ ಯಜಮಾನರಿಗೆ ತಾಳ್ಮೆ ಬೇಕು. ತಾಳ್ಮೆ ಇಲ್ಲದವರಿಗೆ ಮುಂದಿನ ವರ್ಷದ ಸರದಿಯನ್ನು ಇವತ್ತೇ ಮಾರಲು ಲೀಗ್ ಬಿಡುತ್ತದೆ. ಆ ಅವಸರಕ್ಕೆ ಅವರ ಜೇಬಿನಿಂದ ಮಾತ್ರ ಏನೂ ಕೇಳುವುದಿಲ್ಲ.

ಮಾರಿಕೊಂಡದ್ದು ಕೊನೆಗೆ ಏನಾಯಿತು? 2024ರ ಮೊದಲ ಸರದಿಯಲ್ಲಿ ಶಿಕಾಗೊ ಕ್ವಾರ್ಟರ್‌ಬ್ಯಾಕ್ ಕೇಲಬ್ ವಿಲಿಯಮ್ಸ್‌ರನ್ನು ಆರಿಸಿತು. 2025ರ ಎರಡನೇ ಸುತ್ತಿನ ಸರದಿಯಲ್ಲಿ ರಿಸೀವರ್ ಲೂಥರ್ ಬರ್ಡನ್. ಮೂರ್ ಅಂತೂ ಅಲ್ಲೇ ಇದ್ದರು. 2024ರಲ್ಲಿ ಶಿಕಾಗೊ ಕೂಡ 5-12ಕ್ಕೆ ಬಿದ್ದಾಗ ಷಾರ್ಲೆಟ್‌ನಲ್ಲಿ ಕೆಲವರಿಗೆ ಒಳಗೊಳಗೇ ಸಮಾಧಾನ ಆಗಿರಬೇಕು. ಆದರೆ ಮರುವರ್ಷ ಹೊಸ ಕೋಚ್ ಬೆನ್ ಜಾನ್ಸನ್ ಬಂದರು. ಶಿಕಾಗೊ 11 ಪಂದ್ಯ ಗೆದ್ದು ಡಿವಿಷನ್ ಚಾಂಪಿಯನ್ ಆಯಿತು.

ಪ್ಯಾಂಥರ್ಸ್ ದಾರಿ ಇದಕ್ಕಿಂತ ಡೊಂಕು. 2024ರಲ್ಲಿ ಬಂದ ಕೋಚ್ ಡೇವ್ ಕನಾಲೆಸ್ ಎರಡೇ ಪಂದ್ಯಕ್ಕೆ ಯಂಗ್‌ರನ್ನು ಬೆಂಚಿನಲ್ಲಿ ಕೂರಿಸಿದರು. ಅಷ್ಟು ಬೆಲೆ ಕೊಟ್ಟು ತಂದ ಹುಡುಗನ ಕಥೆ ಅಲ್ಲಿಗೆ ಮುಗಿಯಿತು ಎಂದೇ ಹೆಚ್ಚಿನವರು ಬರೆದರು. ಅಕ್ಟೋಬರ್‌ನಲ್ಲಿ ಬದಲಿ ಕ್ವಾರ್ಟರ್‌ಬ್ಯಾಕ್ ಆ್ಯಂಡಿ ಡಾಲ್ಟನ್ ಕಾರು ಅಪಘಾತದಲ್ಲಿ ಕೈಬೆರಳಿಗೆ ಪೆಟ್ಟು ಮಾಡಿಕೊಂಡರು. ಹಾಗಾಗಿ ಯಂಗ್‌ಗೆ ಮತ್ತೆ ಅವಕಾಶ ಸಿಕ್ಕಿತು, ಆಮೇಲೆ ಅವರು ಜಾಗ ಬಿಡಲಿಲ್ಲ. ಆ ವರ್ಷ ಎಡವಿದ್ದು ರಕ್ಷಣೆ. 534 ಪಾಯಿಂಟ್ ಬಿಟ್ಟುಕೊಟ್ಟು ಲೀಗ್ ಇತಿಹಾಸದಲ್ಲೇ ಕೆಟ್ಟ ದಾಖಲೆ ಮಾಡಿದರು. 5-12. ಆದರೆ ಈ ಸೋಲಿನ ಫಲ ಮಾತ್ರ ಅವರ ಕೈಯಲ್ಲೇ ಇತ್ತು. 2025ರ ಎಂಟನೇ ಸರದಿಯಲ್ಲಿ ಟೆಟೈರೋವಾ ಮೆಕ್‌ಮಿಲನ್ ಎಂಬ ಎತ್ತರದ ರಿಸೀವರ್ ಬಂದರು. ಮೊದಲ ಸೀಸನ್‌ನಲ್ಲೇ ಸಾವಿರ ಯಾರ್ಡ್ ದಾಟಿದರು. ಮೂರ್ ಹೋದ ಮೇಲೆ ಯಂಗ್‌ಗೆ ಅಂಥ ಜೊತೆಗಾರ ಸಿಗಲು ಎರಡು ವರ್ಷ ಹಿಡಿಯಿತು.

2025ರಲ್ಲಿ ಪ್ಯಾಂಥರ್ಸ್ 8-9. ಗೆಲುವಿಗಿಂತ ಸೋಲೇ ಜಾಸ್ತಿ. ಆದರೂ ಡಿವಿಷನ್ ಗೆದ್ದರು. ಕೊನೆಯ ಪಂದ್ಯ ಸೋತರೂ, ಮರುದಿನ ಅಟ್ಲಾಂಟಾ ಗೆದ್ದದ್ದರಿಂದ ಮೂರು ತಂಡಗಳು 8-9ರಲ್ಲಿ ಸಮವಾಗಿ, ನಿಯಮದ ಲೆಕ್ಕದಲ್ಲಿ ಇವರು ಮುಂದೆ ಬಂದರು. ಪ್ಲೇಆಫ್‌ನಲ್ಲಿ ಲಾಸ್ ಏಂಜಲಿಸ್ ರಾಮ್ಸ್ ವಿರುದ್ಧ ಕೊನೆಯ ನಿಮಿಷದ ತನಕ ಹೋರಾಡಿ 34-31ರಲ್ಲಿ ಸೋತರು. ರಾಮ್ಸ್‌ನ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟ್ಯಾಫರ್ಡ್. 2008ರಲ್ಲಿ ಡೆಟ್ರಾಯ್ಟ್ 0-16 ಆದಾಗ ಆ ಸೋಲಿಗೆ ಮೊದಲ ಸರದಿಯಲ್ಲಿ ಸಿಕ್ಕಿದ್ದ ಹುಡುಗ ಅವರೇ.